'ಓವರ್‌ಡೋಸ್'ಗೆ 'ಅತಿಸೇವನೆ' ಸರಿಯೇ? ಅಫೀಮಿನ ಸಾವಿಗೆ ಸಂಬಂಧಿಸಿದ ಕೆಲವು ಪದಗಳು

ಬಳಗದ ಎಲ್ಲರಿಗೂ ನಮಸ್ಕಾರ.

ಅಫೀಮು ಮತ್ತು ಅದರ ಬಳಗದ ಮಾದಕಗಳ ಅಪಾಯ ತಿಳಿಸುವ ಕಿರುಹೊತ್ತಗೆಯೊಂದನ್ನು ಆರೋಗ್ಯ ಕಾರ್ಯಕರ್ತರಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಕೆಲವು ಪದಗಳು ಕೈ ಕಟ್ಟಿಹಾಕಿವೆ. ಇಲ್ಲಿ ಪದ ತಪ್ಪಿದರೆ ಒಂದು ಜೀವವೇ ಹೋಗಬಹುದು, ಅದಕ್ಕಾಗಿ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲನೆಯದು 'ಓವರ್‌ಡೋಸ್'. ಪತ್ರಿಕೆಗಳಲ್ಲಿ 'ಅತಿಸೇವನೆ', 'ಮಿತಿಮೀರಿದ ಸೇವನೆ' ಎಂದು ಬರೆಯುತ್ತಾರೆ. ನನ್ನ ತಕರಾರು ಇರುವುದು ಆ 'ಅತಿ'ಯ ಮೇಲೆ. ಅಫೀಮಿನಲ್ಲಿರುವ ಮಾರ್ಫಿನ್ ಮಿದುಳುಕಾಂಡದ ಉಸಿರಾಟದ ಕೇಂದ್ರವನ್ನು ಮಂಕಾಗಿಸುತ್ತದೆ; ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಿದ್ದರೂ ಉಸಿರೆಳೆಯಬೇಕೆಂಬ ಒತ್ತಾಯ ಹುಟ್ಟುವುದಿಲ್ಲ. ದಿನವೂ ತೆಗೆದುಕೊಳ್ಳುವವನ ಮೈ ಇದಕ್ಕೆ ಒಂದಷ್ಟು ಒಗ್ಗಿರುತ್ತದೆ. ಕೆಲವು ವಾರ ಬಿಟ್ಟರೆ ಆ ಒಗ್ಗಿಕೆ ಇಳಿದುಹೋಗುತ್ತದೆ. ಆಮೇಲೆ ಹಳೆಯ ಅಳತೆಯನ್ನೇ ತೆಗೆದುಕೊಂಡರೂ ಉಸಿರು ನಿಲ್ಲಬಹುದು. ಜೈಲಿನಿಂದ ಬಿಡುಗಡೆಯಾದ ಮೊದಲ ವಾರಗಳು, ಚಟ ಬಿಡಿಸಿಕೊಂಡು ಮನೆಗೆ ಬಂದ ಹೊಸತು, ಇವು ತುಂಬ ಅಪಾಯದ ಕಾಲ. ಜೊತೆಗೆ ಮದ್ಯವೋ ನಿದ್ದೆಮಾತ್ರೆಯೋ ಸೇರಿದರೆ ಇನ್ನೂ ಕಡಿಮೆ ಅಫೀಮು ಸಾಕು. ಹೀಗಿರುವಾಗ 'ಅತಿಸೇವನೆ' ಎಂದು ಓದಿದ ತಾಯಿ, 'ಮುಂಚೆ ಇದಕ್ಕಿಂತ ಜಾಸ್ತಿ ತೆಗೆದುಕೊಳ್ಳುತ್ತಿದ್ದನಲ್ಲ, ಇದೇನು ಅತಿಯಲ್ಲ' ಎಂದು ಸುಮ್ಮನಾದರೆ? ಸದ್ಯಕ್ಕೆ 'ಮೈ ತಾಳದ ಪ್ರಮಾಣ' ಎಂದು ಬರೆದಿಟ್ಟಿದ್ದೇನೆ. ಅಳತೆ ಅಂದಿನ ಮೈಗೆ ತಕ್ಕಂತೆ ಎಂಬುದು ಅದರಲ್ಲಿದೆ. ಉದ್ದವಾಯಿತು ಎಂಬುದೂ ಗೊತ್ತು.

ಇದಕ್ಕೆ ಅಂಟಿಕೊಂಡೇ 'ಟಾಲರೆನ್ಸ್', ಅಂದರೆ ಮೈ ಮಾದಕಕ್ಕೆ ಒಗ್ಗಿಕೊಳ್ಳುವುದು, ಬರುತ್ತದೆ. ನಿಘಂಟು ನೋಡಿ 'ಸಹಿಷ್ಣುತೆ' ಹಾಕಿದ್ದೆ. ಕರಡು ಓದಿದ ನರ್ಸ್ ಒಬ್ಬರು 'ಬಿಟ್ಟ ಮೇಲೆ ಸಹಿಷ್ಣುತೆ ಕುಗ್ಗುತ್ತದೆ' ಎಂಬ ಸಾಲಿನ ಮೇಲೆ ಬೆರಳಿಟ್ಟು, 'ಅಂದರೆ ಸಿಟ್ಟು ಜಾಸ್ತಿಯಾಗುತ್ತದಾ ಸರ್?' ಎಂದು ಕೇಳಿದರು. ಹೊತ್ತಗೆಯ ಅತಿ ಮುಖ್ಯ ಎಚ್ಚರಿಕೆ ಅದೇ ಸಾಲಿನಲ್ಲಿತ್ತು. ಅಂದೇ ಹೊಡೆದುಹಾಕಿ 'ತಾಳಿಕೆ' ಎಂದು ಮಾಡಿದೆ. ಬಾಳಿಕೆ ತಾಳಿಕೆ ಎಂಬ ಜೋಡಿಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. 'ಒಗ್ಗಿಕೆ' ಇನ್ನೂ ಚೆನ್ನ ಎನ್ನುವವರಿದ್ದರೆ ತಿಳಿಸಿ.

'ಗೊರಕೆ'ಯ ಬಗ್ಗೆಯೂ ಯೋಚಿಸಿ. ಉಸಿರು ಕುಂದುತ್ತಿರುವವನ ಗಂಟಲಿನಿಂದ ಬರುವ ಸದ್ದನ್ನು ಗೊರಕೆ ಎಂದರೆ ಓದಿದವರು 'ನಿದ್ದೆ ಮಾಡಲಿ ಬಿಡಿ' ಎನ್ನುತ್ತಾರೆ, ಬೆಳಗ್ಗೆ ನೋಡುವಾಗ ಮೈ ತಣ್ಣಗಾಗಿರುತ್ತದೆ. ಅದಕ್ಕೆ 'ಗಂಟಲಲ್ಲಿ ಗೊರಗೊರ ಸದ್ದು, ತುಟಿ ನೀಲಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು, ಅಲುಗಾಡಿಸಿದರೂ ಎಚ್ಚರವಿಲ್ಲ' ಎಂದು ಬಿಡಿಸಿಯೇ ಬರೆದೆ. ಅಫೀಮಿನ ಪರಿಣಾಮವನ್ನು ತಡೆದು ಉಸಿರು ಮರಳಿಸುವ ಮದ್ದಾದ ನಲೋಕ್ಸೋನ್ ಕೊಟ್ಟಾಗ 'ಎಚ್ಚರವಾದ' ಎಂದರೂ ಸಾಲದು. ಅದರ ಬಲ ಸುಮಾರು 30ರಿಂದ 90 ನಿಮಿಷ ಮಾತ್ರ, ಆಮೇಲೆ ಉಸಿರು ಮತ್ತೆ ಕುಸಿಯಬಹುದು.

'ಅತಿಸೇವನೆಯ ಸಾವು' ಮತ್ತು 'ಅಫೀಮಿನ ಸಾವು' ಒಂದೇ ಎಂಬಂತೆ ಬರೆಯುವುದೂ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಮಾದಕಗಳಿಂದ ಸುಮಾರು 6 ಲಕ್ಷ ಜನ ಸತ್ತರು. ಅದರಲ್ಲಿ ಶೇ. 80ರಷ್ಟು ಸಾವಿಗೆ ಓಪಿಯಾಯ್ಡ್‌ಗಳ (ಅಫೀಮು ಮತ್ತು ಮೈಯಲ್ಲಿ ಅದರಂತೆಯೇ ಕೆಲಸ ಮಾಡುವ ಮಾದಕಗಳ) ನಂಟಿತ್ತು; ಓಪಿಯಾಯ್ಡ್ ಓವರ್‌ಡೋಸ್‌ನಿಂದಲೇ ಸತ್ತವರು ಸುಮಾರು 1.25 ಲಕ್ಷ. ಇರಾನಿನ ಗೊಲೆಸ್ತಾನ್‌ನಲ್ಲಿ 50,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ ಅಫೀಮು ಬಳಸುವವರ ಸಾವಿನ ಅಪಾಯ ಉಳಿದವರಿಗಿಂತ ಎರಡು ಪಟ್ಟಿಗೆ ಹತ್ತಿರವಿತ್ತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2020ರಲ್ಲಿ ಅಫೀಮು ಸೇವನೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದವುಗಳಿಗೆ, ಸೇರಿಸಿತು: ಧ್ವನಿಪೆಟ್ಟಿಗೆ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್‌ಗಳು. ಇವು ಒಂದೇ ರಾತ್ರಿಯಲ್ಲಿ ಆಗುವ ಸಾವುಗಳಲ್ಲ, ಇವಕ್ಕೂ ಒಂದು ಹೆಸರು ಬೇಕು. 'ಓಪಿಯಾಯ್ಡ್' ಅನ್ನು ಹಾಗೇ ಉಳಿಸಿದ್ದೇನೆ. 'ಅಫೀಮುಜನ್ಯ' ಎಂದರೆ ಪೂರಾ ಪ್ರಯೋಗಾಲಯದಲ್ಲೇ ತಯಾರಾಗುವ ಫೆಂಟನಿಲ್ ಹೊರಗುಳಿಯುತ್ತದೆ.

ಕೊನೆಯದು 'ಚಟ'ವೋ 'ವ್ಯಸನ'ವೋ. ಚಟ ಎಂದೊಡನೆ ದೂರುವ ದನಿ ಬರುತ್ತದೆ. ಮಾತಾಡುವುದಕ್ಕೂ ಚಟ, ಅಫೀಮಿಗೂ ಚಟ. ವ್ಯಸನಕ್ಕೆ ದುಃಖ ಎಂಬ ಅರ್ಥವೂ ಇದೆ, 'ವ್ಯಸನಪಡಬೇಡ' ಎನ್ನುತ್ತೇವೆ. ರೋಗಿಯ ಮುಂದೆ ಆಡಲು ನನಗೆ ಅದೇ ಹಿತ. ಆದರೆ ನೋವಿಗೆಂದು ವೈದ್ಯರೇ ಕೊಟ್ಟ ಮಾರ್ಫಿನ್‌ಗೆ ಮೈ ಒಗ್ಗಿದವರಿಗೆ ಇವೆರಡೂ ಅನ್ಯಾಯ, ಅಲ್ಲಿ 'ಅವಲಂಬನೆ' ಇಟ್ಟಿದ್ದೇನೆ. ಬಿಟ್ಟಾಗ ಬರುವ ಆಕಳಿಕೆ, ಸುರಿಯುವ ಮೂಗು, ಎದ್ದು ನಿಲ್ಲುವ ರೋಮ, ಹೊಟ್ಟೆ ಹಿಂಡುವ ನೋವು, ಭೇದಿ, ಇಷ್ಟಕ್ಕೂ ಸೇರಿ ಇಂಗ್ಲಿಷಿನ 'ವಿತ್‌ಡ್ರಾವಲ್' ನೋಡಿ 'ಹಿಂತೆಗೆತದ ಲಕ್ಷಣ' ಎಂದರೆ ಬ್ಯಾಂಕಿನ ನೆನಪಾಗುತ್ತದೆ. 'ಬಿಡುವಿಕೆಯ ಬಾಧೆ' ನಡೆಯುತ್ತದೆಯೇ? ಚಿಕಿತ್ಸಾ ಕೇಂದ್ರಗಳಲ್ಲಿ ದುಡಿಯುವವರು ಬಳಗದಲ್ಲಿದ್ದರೆ, ರೋಗಿಗಳೇ ತಮ್ಮ ಬಾಯಲ್ಲಿ ಇದನ್ನು ಏನೆಂದು ಹೇಳಿಕೊಳ್ಳುತ್ತಾರೆ ಎಂದು ಬರೆಯಿರಿ. ಆ ಪದ ಸಿಕ್ಕರೆ ನನ್ನದನ್ನು ಕೈಬಿಡುತ್ತೇನೆ.