ಪಿಎಸ್‌ಎಸ್‌ಎಂ ಇರುವ ಕುದುರೆಗೆ ಯಾವ ಮೇವು?

ಪ್ರಶ್ನೆ: ಟೆಕ್ಸಾಸ್‌ನಲ್ಲಿರುವ ನಮ್ಮ ಕ್ವಾರ್ಟರ್ ಹಾರ್ಸ್ ತಳಿಯ ಹೆಣ್ಣು ಕುದುರೆಗೆ ಜಿವೈಎಸ್1 ವಂಶವಾಹಿಯ ದೋಷದಿಂದ ಬರುವ, ಸ್ನಾಯುಗಳಲ್ಲಿ ಸಕ್ಕರೆ ಅತಿಯಾಗಿ ಶೇಖರವಾಗುವ ಕಾಯಿಲೆಯಾದ ಪಿಎಸ್‌ಎಸ್‌ಎಂ ಇದೆಯೆಂದು ಪರೀಕ್ಷೆಯಲ್ಲಿ ತಿಳಿದಿದ್ದು, ಸವಾರಿಯ ನಂತರ ಅದರ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಓಟ್ಸ್ ಮುಂದುವರಿಸಬಹುದೇ?

ಉತ್ತರ 1: ದಯವಿಟ್ಟು ಓಟ್ಸ್, ಮೆಕ್ಕೆಜೋಳ ಮತ್ತು ಕಾಕಂಬಿ ಬೆರೆಸಿದ ಆಹಾರವನ್ನು ನಿಲ್ಲಿಸಿರಿ. ಈ ಕುದುರೆಗಳ ಸ್ನಾಯುಗಳಲ್ಲಿ ಗ್ಲೈಕೋಜನ್ (ದೇಹ ಕೂಡಿಡುವ ಸಕ್ಕರೆಯ ರೂಪ) ತಯಾರಿಸುವ ಕಿಣ್ವವು ಅತಿಯಾಗಿ ಕೆಲಸ ಮಾಡುವುದರಿಂದ, ಪಿಷ್ಟ ತಿಂದಾಗ ಏರುವ ಇನ್ಸುಲಿನ್ ಆ ಸಂಗ್ರಹವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಪಿಷ್ಟ ಮತ್ತು ಸಕ್ಕರೆ ಸೇರಿ ಶೇ. 12ಕ್ಕಿಂತ ಕಡಿಮೆಯಿರುವ ಒಣಹುಲ್ಲೇ ಮುಖ್ಯ ಆಹಾರವಾಗಲಿ.

ಉತ್ತರ 2: ಹುಲ್ಲನ್ನು ನೆನೆಸಿ ನೀರು ಚೆಲ್ಲಿದರೆ ಸಕ್ಕರೆ ಇಳಿಯುತ್ತದೆ. ಕುದುರೆ ತೆಳ್ಳಗಿದ್ದರೆ ಮಾತ್ರ ಎಣ್ಣೆ ಸೇರಿಸಿ, ಜೊತೆಗೆ ವಿಟಮಿನ್ ಇ ಕೊಡಿರಿ.

ಉತ್ತರ 3: ಮೇವು ಬದಲಿಸಿದರಷ್ಟೇ ಸಾಲದು, ದಿನವೂ ವ್ಯಾಯಾಮ ಬೇಕು. ಆದರೆ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಕುದುರೆಯನ್ನು ನಡೆಸದೆ, ಕೂಡಲೇ ಪಶುವೈದ್ಯರನ್ನು ಕರೆಯಿಸಿರಿ.