ಕೊರಿಯಾ ಯುದ್ಧದ ನಾಟಕ: ಮಗು, ಹಿಮ, ರೈಲು ಹೇಗೆ ಮಾಡೋದು? ಬಲ್ಲವರು ಹೇಳಿ

ಪ್ರಶ್ನೆ

ನಮ್ಮದು ಹವ್ಯಾಸಿ ತಂಡ. 70 ನಿಮಿಷದ ನಾಟಕವೊಂದನ್ನು ಕೈಗೆತ್ತಿಕೊಂಡಿದ್ದೇವೆ. 1950ರ ಚಳಿಗಾಲದ ಕೊರಿಯಾ, ಭಾರತದ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ಸೇನಾ ವೈದ್ಯಕೀಯ ಘಟಕದ ಒಬ್ಬ ಹವಾಲ್ದಾರ್, ಮನೆಯವರಿಂದ ತಪ್ಪಿಹೋದ ಏಳು ವರ್ಷದ ಹುಡುಗಿ. ಇವರಿಬ್ಬರ ಸ್ನೇಹವೇ ಕಥೆ, ಎರಡೂ ಕಲ್ಪಿತ ಪಾತ್ರ. ಹಿಮ ಬೀಳಬೇಕು, ರೈಲು ಹೊರಡಬೇಕು, ಗಾಯಾಳುಗಳು ಬರಬೇಕು. ಟಿಕೆಟ್ ಇಟ್ಟು ಆಡುತ್ತೇವೆ, ಆದರೆ ದುಡ್ಡು ಕಡಿಮೆ. ಎಲ್ಲಕ್ಕಿಂತ ದೊಡ್ಡ ಚಿಂತೆ ಮಗುವಿನ ಪಾತ್ರದ್ದು. ಇಂಥ ನಾಟಕ ಮಾಡಿಸಿ ಗೊತ್ತಿರುವವರು ವಿವರವಾಗಿ ಹೇಳಿ.

ಇತಿಹಾಸ ನೋಡಿಕೊಳ್ಳುವವರು

ಸ್ಕ್ರಿಪ್ಟಿನಲ್ಲಿ ಹವಾಲ್ದಾರ್ ಕೈಗೆ ಗುಂಡು ಹಾರಿಸುವ ಕೆಲಸ ಕೊಟ್ಟಿದ್ದರೆ ಈಗಲೇ ತೆಗೆಯಿರಿ. ಭಾರತ ಕೊರಿಯಾಗೆ ಕಾದಾಡುವ ಪಡೆ ಕಳಿಸಲಿಲ್ಲ, ವೈದ್ಯಕೀಯ ಘಟಕ ಕಳಿಸಿತು. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ ನೇತೃತ್ವದಲ್ಲಿ ಅದು ಬುಸಾನ್ ಬಂದರಿಗೆ ಇಳಿದದ್ದು 1950ರ ನವೆಂಬರ್‌ನಲ್ಲಿ. ವೈದ್ಯ ಸಿಬ್ಬಂದಿ ಆಯುಧ ಇಟ್ಟುಕೊಳ್ಳಬಹುದು, ಅದು ತಮ್ಮ ಮತ್ತು ರೋಗಿಗಳ ರಕ್ಷಣೆಗೆ ಮಾತ್ರ. ಎಡತೋಳಿಗೆ ರೆಡ್‌ಕ್ರಾಸ್ ಪಟ್ಟಿ. ಬಲತೋಳಿಗೆ ಕಟ್ಟಿದರೆ ತಪ್ಪು.

ನಿಮ್ಮ ರೈಲಿಗೆ ನಿಜವಾದ ಆಧಾರವೇ ಇದೆ. ಡಿಸೆಂಬರ್ ಮೊದಲ ವಾರ, ಚೀನಾದ ಪಡೆ ಮೇಲೆ ಬರ್ತಿದೆ, ಪ್ಯೊಂಗ್ಯಾಂಗ್ ಖಾಲಿಯಾಗ್ತಿದೆ. ಸಾಮಾನು ಸಾಗಿಸಲು ಲಾರಿ ಇಲ್ಲ. ಶಸ್ತ್ರಚಿಕಿತ್ಸೆಯ ಸಲಕರಣೆ ಬಿಟ್ಟು ಹೋಗಲು ಘಟಕ ಒಪ್ಪಲಿಲ್ಲ. ಒಂದು ಹಳೇ ಉಗಿಬಂಡಿ ಹುಡುಕಿ, ಸಾಲಾಗಿ ನಿಂತು ಬಕೆಟ್‌ಗಳಲ್ಲಿ ಬಾಯ್ಲರಿಗೆ ನೀರು ತುಂಬಿ, ಎಂಜಿನ್ ಓಡಿಸಬಲ್ಲವರು ತಮ್ಮಲ್ಲೇ ಇದ್ದದ್ದರಿಂದ ಹೊರಟುಬಿಟ್ಟರು, ಸೇತುವೆ ಸ್ಫೋಟಿಸುವ ಮುಂಚೆ. ಬಕೆಟ್ ಸಾಲಿಗಿಂತ ಒಳ್ಳೆ ರಂಗದೃಶ್ಯ ನಿಮಗೆ ಇನ್ನೆಲ್ಲಿ ಸಿಗುತ್ತೆ?

ಅದೇ ಡಿಸೆಂಬರ್ 4ರಂದು, ಪ್ಯೊಂಗ್ಯಾಂಗ್ ಬಳಿ ತೆದೊಂಗ್ ನದಿಯ ಮುರಿದ ಸೇತುವೆಯೊಂದರ ಉಕ್ಕಿನ ತೊಲೆಗಳ ಮೇಲೆ ನಿರಾಶ್ರಿತರು ತೆವಳಿ ದಾಟುತ್ತಿರುವ ಫೋಟೊ ತೆಗೆದದ್ದು ಮ್ಯಾಕ್ಸ್ ಡೆಸ್ಫರ್. ಅದಕ್ಕೆ 1951ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ರಂಗಸಜ್ಜಿಕೆಯವರು ಮೊದಲು ಅದನ್ನು ನೋಡಲಿ. ಹಿಂಪರದೆಯ ಮುಂದೆ ಓರೆಕೋರೆ ನಾಲ್ಕು ತೊಲೆ ನಿಂತರೆ ಊರು, ನದಿ, ಯುದ್ಧ ಮೂರೂ ಬಂದಂತೆ.

ಕನ್ನಡದಲ್ಲಿ ಕೊರಿಯಾ ಅಂದ ಕೂಡಲೇ ಸ್ಕ್ರಿಪ್ಟಿಗೆ ಜನರಲ್ ತಿಮ್ಮಯ್ಯ ಬಂದುಬಿಡ್ತಾರೆ. ಕೊಡಗಿನವರು, ನಮ್ಮವರು, ಸರಿ. ಆದರೆ ಅವರು ಅಲ್ಲಿಗೆ ಹೋದದ್ದು 1953ರಲ್ಲಿ, ಜುಲೈ 27ರ ಕದನವಿರಾಮ ಆದಮೇಲೆ, ಯುದ್ಧಕೈದಿಗಳ ವಾಪಸಾತಿಗೆ ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ. ಜೊತೆಗೆ ಹೋದ ಭಾರತದ ಕಾವಲು ಪಡೆ ಬೇರೆ, ನಿಮ್ಮ ಆಂಬುಲೆನ್ಸ್ ಘಟಕ ಬೇರೆ. ನಾಟಕ 1951ರಲ್ಲೇ ಮುಗಿಯುವುದಾದರೆ ಅವರನ್ನು ಎಳೆದು ತರಬೇಡಿ.

ಕೊನೆಯಲ್ಲಿ ಹವಾಲ್ದಾರ್ ಮಗುವನ್ನು ಊರಿಗೆ ಕರೆತರುವ ಆಸೆ ಆಗುತ್ತೆ. ಬೇಡ. ಘಟಕದ ಒಂದು ಭಾಗ ಕಾಮನ್‌ವೆಲ್ತ್ ಬ್ರಿಗೇಡಿನ ಜೊತೆ ಮುಂಚೂಣಿಯಲ್ಲಿತ್ತು, ಇನ್ನೊಂದು ಭಾಗ ದಕ್ಷಿಣದ ದೇಗು ನಗರದಲ್ಲಿ ನಾಗರಿಕರಿಗೂ ಚಿಕಿತ್ಸೆ ಕೊಡುತ್ತಿತ್ತು. ಮಗು ದೇಗುವಿನಲ್ಲಿ ಉಳಿಯುತ್ತೆ, ಅವನಿಗೆ ಮುಂಚೂಣಿಗೆ ಹೋಗುವ ಆದೇಶ ಬರುತ್ತೆ. 1951ರ ಮಾರ್ಚ್ 23ರಂದು ಮುನ್‌ಸಾನ್‌ನಲ್ಲಿ ಅಮೆರಿಕನ್ ಪ್ಯಾರಾಟ್ರೂಪರ್‌ಗಳ ಜೊತೆ ಈ ಘಟಕದ 12 ಮಂದಿ ಧುಮುಕಿದ್ದರು. ಅಗಲಿಕೆಗೆ ಇಷ್ಟು ಸಾಕು.

ಮಕ್ಕಳ ರಂಗಭೂಮಿಯವರು

ಏಳರ ಪಾತ್ರಕ್ಕೆ ಏಳರ ಮಗು ಬೇಡ, ನೋಡಲು ಚಿಕ್ಕದಾಗಿ ಕಾಣುವ ಒಂಬತ್ತು-ಹತ್ತರ ಹುಡುಗಿ ನೋಡಿ. ಏಳರ ಮಗು ಮೊದಲ ಪ್ರದರ್ಶನ ಅದ್ಭುತವಾಗಿ ಮಾಡುತ್ತೆ, ಮೂರನೆಯದರಲ್ಲಿ ಬೇಜಾರಾಗಿ ವಿಂಗ್‌ನಲ್ಲಿ (ರಂಗದ ಪಕ್ಕದ ಮರೆಯಲ್ಲಿ) ಅಮ್ಮನನ್ನು ಹುಡುಕುತ್ತೆ. ಇಬ್ಬರನ್ನು ತಯಾರು ಮಾಡಿ, ಒಂದು ಪ್ರದರ್ಶನಕ್ಕೆ ಒಬ್ಬಳು. ಇಬ್ಬರಿಗೂ ಹವಾಲ್ದಾರ್ ಪಾತ್ರಧಾರಿಯ ಜೊತೆ ಸಮನಾದ ತಾಲೀಮು ಸಿಗಬೇಕು.

ಧೈರ್ಯದ ಹುಡುಗಿ ಅಂತ ಬರೆದ ಕೂಡಲೇ ಲೇಖಕರು ಅವಳ ಬಾಯಲ್ಲಿ ಭಾಷಣ ತುರುಕುತ್ತಾರೆ. ಮಗುವಿನ ಧೈರ್ಯ ಕೈಯಲ್ಲಿ ಕಾಣಬೇಕು. ಪ್ರತಿ ದೃಶ್ಯದಲ್ಲೂ ಅವಳಿಗೊಂದು ಕೆಲಸ ಕೊಡಿ: ಬ್ಯಾಂಡೇಜ್ ಸುತ್ತಿಡೋದು, ಲಾಟೀನು ಹಿಡಿಯೋದು, ಕುದಿಸಿದ ಸಿರಿಂಜ್‌ಗಳ ತಟ್ಟೆ ಚೆಲ್ಲದೆ ತರೋದು. ಮೊದಲ ಸಲ ಲಾಟೀನು ಹಿಡಿದಾಗ ಬೆಳಕು ಅಲುಗಾಡುತ್ತೆ, ಗಾಯ ಕಂಡು ಮುಖ ತಿರುಗಿಸ್ತಾಳೆ. ನಾಲ್ಕನೇ ಸಲ ಬೆಳಕು ಸ್ಥಿರ, ಅವಳೇ ಒಂದು ಹೆಜ್ಜೆ ಹತ್ತಿರ ಬರ್ತಾಳೆ. ನಡುವೆ ಒಂದು ಮಾತೂ ಬೇಕಾಗಿಲ್ಲ. ಕೈಯಲ್ಲಿ ಕೆಲಸ ಇದ್ದರೆ ಇನ್ನೊಂದು ಉಪಯೋಗ: ಮಗು ಪ್ರೇಕ್ಷಕರ ಕಡೆ ನೋಡಲ್ಲ, ನಟನೆ ಮಾಡೋಕೂ ಹೋಗಲ್ಲ.

ಅವಳಿಗೆ ಕನ್ನಡ ಬರಬಾರದು. ಪ್ರೇಕ್ಷಕರಿಗೆ ಅರ್ಥವಾಗುವ ಮಾತೆಲ್ಲ ಹವಾಲ್ದಾರನದ್ದು. ಅವಳಿಗೆ ಐದಾರು ಕೊರಿಯನ್ ಪದ ಸಾಕು. ನೀರಿಗೆ ಮುಲ್, ಅನ್ನಕ್ಕೆ ಪಾಪ್, ಚಳಿ ಅನ್ನೋಕೆ ಚುವೊ, ಗಂಡಸರನ್ನು ಕರೆಯೋಕೆ ಅಜೊಶಿ. ಅನುವಾದ ಮಾಡಿ ಹೇಳುವ ಪಾತ್ರ ಸೇರಿಸಬೇಡಿ, ಸನ್ನಿವೇಶದಿಂದ ಗೊತ್ತಾಗಲಿ.

ಅಳು ಬರಿಸೋಕೆ ಸುಳ್ಳು ಹೇಳೋದು, ಗದರೋದು, "ನಿಮ್ಮಮ್ಮ ಹೋದ್ರು" ಅನ್ನೋದು ಇದೆಯಲ್ಲ, ಅದು ಇನ್ನೂ ಕೆಲವು ಕಡೆ ನಡೀತಿದೆ. ಕ್ರೌರ್ಯದ ಮಾತು ಬಿಡಿ, ರಂಗಕ್ಕೆ ಉಪಯೋಗವೂ ಇಲ್ಲ: ಎರಡನೇ ದಿನ ಅದೇ ಅಳು ಬರಲ್ಲ. ಉಸಿರಿನಿಂದ ಕಲಿಸಿ. ಮೂರು ಸಣ್ಣ ಎಳೆತ, ಒಂದು ತಡೆ, ಒಂದು ಉದ್ದ ಬಿಡುವಿಕೆ, ಬೆನ್ನು ಪ್ರೇಕ್ಷಕರ ಕಡೆ. ಭುಜ ಅಲುಗಿದರೆ ಮುಗೀತು.

ಎತ್ತಿಕೊಳ್ಳುವ ದೃಶ್ಯಕ್ಕೆ ಬೇರೆ ತಾಲೀಮು ಬೇಕು. 25 ಕೆ.ಜಿ. ಮಗುವನ್ನು ಕಂಕುಳಿಗೆ ಕೈ ಹಾಕಿ ಎಳೆದರೆ ಅವಳಿಗೆ ನೋವು, ನಟನ ಸೊಂಟಕ್ಕೂ ಪೆಟ್ಟು. ಅವನು ಮಂಡಿ ಬಗ್ಗಿಸಲಿ, ಎಣಿಕೆಗೆ ಸರಿಯಾಗಿ ಅವಳೇ ನೆಗೆಯಲಿ. ಅವಳ ಅಂಗಿಯೊಳಗೆ ಅಗಲ ಬಟ್ಟೆಯ ಬೆಲ್ಟ್ ಇದ್ದರೆ ಹಿಡಿತ ಸಿಗುತ್ತೆ. ಇನ್ನೂ ಚೆಂದದ ದಾರಿ ಪೊದೆಗಿ: ಕೊರಿಯಾದಲ್ಲಿ ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಳ್ಳುವ ಅಗಲವಾದ ದಪ್ಪ ಬಟ್ಟೆ. ಹುಡುಗಿಯೇ ತೋರಿಸಿಕೊಟ್ಟು, ಹವಾಲ್ದಾರ್ ಕಂಬಳಿಯನ್ನು ಹಾಗೆ ಕಟ್ಟಿಕೊಳ್ಳಲಿ. ಭಾರವೂ ಬೆನ್ನಿಗೆ ಬೀಳುತ್ತೆ, ಕೈಗಳೂ ಖಾಲಿ.

ಪರಿಕರ ಮತ್ತು ವೇಷಭೂಷಣದವರು

ಕಾಲದೋಷದ ಪಟ್ಟಿ ಹಿಡ್ಕೊಳ್ಳಿ. ಪ್ಲಾಸ್ಟಿಕ್ ಸಲೈನ್ ಚೀಲ, ಪ್ಲಾಸ್ಟಿಕ್ ಸಿರಿಂಜ್, ನೀಲಿ ಕೈಗವಸು, ವೆಲ್ಕ್ರೊ, ಪ್ಲಾಸ್ಟಿಕ್ ಬಕೆಟ್, ಕಮಾಫ್ಲಾಜ್ ಬಟ್ಟೆ: ಆರೂ ಹೊರಗೆ. ಪ್ಲಾಸ್ಮಾ ಗಾಜಿನ ಬಾಟಲಿಯಲ್ಲಿ ಬರುತ್ತಿತ್ತು, ಸಿರಿಂಜ್ ಗಾಜಿನದ್ದು, ಸ್ಟೀಲ್ ಡಬ್ಬಿಯಲ್ಲಿ ಕುದಿಸಿ ಮತ್ತೆ ಬಳಸೋದು. ಮಗು ಹಿಡಿಯುವ ತಟ್ಟೆಯಲ್ಲಿ ನಿಜವಾದ ಗಾಜು, ಸೂಜಿ ಇಡಬೇಡಿ, ಅಕ್ರಿಲಿಕ್ ಕೊಳವೆ ಸಾಕು. ಸಮವಸ್ತ್ರ ಸಾದಾ ಖಾಕಿ ಉಣ್ಣೆಯದ್ದು, ತಲೆಗೆ ಮರೂನ್ ಬೆರೆ ಟೋಪಿ, ಹವಾಲ್ದಾರನ ತೋಳಿಗೆ ಮೂರು ಪಟ್ಟೆ. ಅಧಿಕಾರಿಗಳ ಬಿಲ್ಲೆಯಲ್ಲಿ ಬ್ರಿಟಿಷ್ ಕಿರೀಟ ಕಾಣಬಾರದು, ಗಣರಾಜ್ಯ ಆಗಿತ್ತು, ಅಶೋಕ ಸ್ತಂಭದ ಸಿಂಹ ಬಂದಿತ್ತು.

ಹುಡುಗಿಗೆ ಬಿಳಿ ಹತ್ತಿಯ ಜೊಗೊರಿ, ಅಂದರೆ ಕೊರಿಯನ್ ಮೇಲಂಗಿ. ಗುಂಡಿ ಇಲ್ಲ. ಹಾಕಿಕೊಂಡವಳ ಎಡಬದಿಯ ಬಟ್ಟೆ ಬಲಬದಿಯ ಮೇಲೆ ಬಂದು, ಎದೆಯ ಬಲಕ್ಕೆ ಲಾಡಿಯ ಒಂಟಿ ಕುಣಿಕೆ. ಕಾಲಿಗೆ ರಬ್ಬರ್ ಶೂ. ಹೊಸ ಬಿಳಿ ಬಟ್ಟೆ ಬೆಳಕಿಗೆ ಕಣ್ಣು ಕುಕ್ಕುತ್ತೆ. 4 ಲೀಟರ್ ನೀರಿಗೆ 100 ಗ್ರಾಂ ಟೀ ಪುಡಿ, ಒಂದು ಚಮಚ ಉಪ್ಪು, 20 ನಿಮಿಷ ಕುದಿಸಿ, ಸೋಸಿ, ಬಟ್ಟೆ ಮುಳುಗಿಸಿ. ಸೋಸದಿದ್ದರೆ ಕಲೆ ಕಲೆ ಆಗುತ್ತೆ. ಕೊರಿಯನ್ ಮಾಡ್ತೀವಿ ಅಂತ ಕಣ್ಣಿಗೆ ಟೇಪ್ ಅಂಟಿಸಬೇಡಿ, ನೋಡೋಕೆ ಅಸಹ್ಯ. ಕತ್ತರಿಸಿದ ಮುಂಗೂದಲು, ಬಟ್ಟೆ, ಮಾತು ಸಾಕು.

ರಕ್ತ: ಬೇಕರಿ ಸಾಮಾನಿನ ಅಂಗಡಿಯ ಲಿಕ್ವಿಡ್ ಗ್ಲೂಕೋಸ್ 200 ಮಿ.ಲೀ., ನೀರು 50 ಮಿ.ಲೀ., ಕೆಂಪು ಫುಡ್ ಕಲರ್ 2 ಟೀ ಚಮಚ, ಕೋಕೋ ಅರ್ಧ ಚಮಚ, ಹಸಿರು ಬಣ್ಣ ಒಂದೇ ಹನಿ. ಕೋಕೋ ಇಲ್ಲದಿದ್ದರೆ ಗಾಜಿನಂತೆ ಪಾರದರ್ಶಕವಾಗಿ ಹೊಳೆಯುತ್ತೆ. ಬೀಟ್‌ರೂಟ್ ರಸ ಬೇಗ ಕಂದಾಗುತ್ತೆ, ಕುಂಕುಮ ಬಟ್ಟೆ ಬಿಡಲ್ಲ. ಮಗು ಇರುವ ದೃಶ್ಯಗಳಲ್ಲಿ ಒಣಗಿದ ಕಲೆ ಇರುವ ಬ್ಯಾಂಡೇಜೇ ಇರಲಿ, ಹಸಿ ರಕ್ತ ನೆಲಕ್ಕೆ ಬಿದ್ದರೆ ಜಾರುತ್ತೆ.

ಸ್ಟ್ರೆಚರ್‌ನಲ್ಲಿ ಸಮತಟ್ಟಲ್ಲಿ ರೋಗಿಯ ಕಾಲು ಮುಂದೆ, ಏರು ಹತ್ತುವಾಗ ತಲೆ ಮುಂದೆ. ಇಬ್ಬರು ಹೊತ್ತರೆ ಹೆಜ್ಜೆ ಕೂಡಿಸಬಾರದು, ಕೂಡಿಸಿದರೆ ಉಯ್ಯಾಲೆ ಆಡುತ್ತೆ. ಪೆರೇಡ್ ಅಭ್ಯಾಸದ ನಟರು ಇಲ್ಲೇ ಎಡವೋದು.

ಹಿಮ, ಹೊಗೆ, ಸದ್ದು

ಥರ್ಮೊಕೋಲ್ ಮಣಿ ಬೇಡ. ಒಣ ಹವೆಯಲ್ಲಿ ಸ್ಥಿರವಿದ್ಯುತ್ ಹಿಡಿದು ಕೂದಲು, ಹುಬ್ಬಿಗೆ ಅಂಟಿಕೊಳ್ಳುತ್ತೆ, ಮಗುವಿನ ಮೂಗಿಗೆ ಹೋಗುತ್ತೆ. ಹತ್ತಿಗೆ ಬೆಂಕಿ ಭಯ. ಬಿಳಿ ಟಿಶ್ಯೂ ಪೇಪರನ್ನು ಕಾಲಿಂಚಿನ ಚೂರು ಮಾಡಿ. 12 ಅಡಿ ಉದ್ದ, 3 ಅಡಿ ಅಗಲದ ಬಟ್ಟೆಯ ತೊಟ್ಟಿಲು ಹೊಲಿದು, ಅದರ ಒಂದು ಅರ್ಧಕ್ಕೆ ಮಾತ್ರ ಅಂಗೈ ಅಂತರದಲ್ಲಿ ಒಂದೂವರೆ ಇಂಚಿನ ಸೀಳು ಕೊಡಿ. ಎರಡು ಪೈಪಿಗೆ ಕಟ್ಟಿ, ಸೀಳಿರುವ ಕಡೆಯ ಪೈಪನ್ನು ಹಗ್ಗದಿಂದ ಮೆಲ್ಲಗೆ ಆಡಿಸಿದರೆ ಹಿಮ ಉದುರುತ್ತೆ. ಜೋರಾಗಿ ಎಳೆದರೆ ಗಂಟುಗಂಟಾಗಿ ಬೀಳುತ್ತೆ. ಗುಡಿಸಿದ ಹಿಮವನ್ನು ಹಾಗೇ ಮತ್ತೆ ತುಂಬಬೇಡಿ: ರಂಗದ ಮೊಳೆ, ಪಿನ್ ಅದರೊಳಗೆ ಸೇರಿರುತ್ತೆ, ಮರುದಿನ 15 ಅಡಿ ಮೇಲಿಂದ ಕಣ್ಣಿಗೆ ಬೀಳುತ್ತೆ. ಜರಡಿ ಹಿಡಿದು ಅಯಸ್ಕಾಂತ ಆಡಿಸಿ.

ರೈಲಿಗೆ ಎಂಜಿನ್ ಕಟ್ಟೋಕೆ ಹೋಗಬೇಡಿ. ಒಂದು ವಿಂಗ್‌ನಿಂದ ಇನ್ನೊಂದಕ್ಕೆ ಎಂಟು ಜನರ ಸಾಲು, ಆರು ತಗಡಿನ ಬಕೆಟ್. ತಳದಲ್ಲಿ 2 ಕೆ.ಜಿ. ಮರಳಿನ ಚೀಲ ಕಟ್ಟಿಡಿ, ಇಲ್ಲದಿದ್ದರೆ ಖಾಲಿ ಬಕೆಟ್ ಅಂತ ಮೊಣಕೈಯೇ ಹೇಳಿಬಿಡುತ್ತೆ. ಬಾಯ್ಲರ್ ಇರುವ ವಿಂಗ್‌ನಿಂದ ಮಂಡಿ ಎತ್ತರದಲ್ಲಿ ಕಿತ್ತಳೆ ಬೆಳಕು. ಸದ್ದನ್ನು ಅಲ್ಲೇ ಮಾಡಿ: 60 ನಂಬರ್ ಮರಳುಕಾಗದ ಅಂಟಿಸಿದ ಎರಡು ಮರದ ತುಂಡು ಮೈಕಿನ ಹತ್ತಿರ ಉಜ್ಜಿ, ಸೆಕೆಂಡಿಗೆ ಒಂದರಿಂದ ಶುರುಮಾಡಿ ವೇಗ ಏರಿಸಿ. ನಟರ ವೇಗಕ್ಕೆ ಹೊಂದಿಸಬಹುದು, ರೆಕಾರ್ಡಿಂಗ್‌ನಲ್ಲಿ ಆಗಲ್ಲ. ನೆಲದ ಮಂಜಿಗೆ ಡ್ರೈ ಐಸ್ ಚೆನ್ನಾಗಿ ಕೂರುತ್ತೆ.

ಮಕ್ಕಳ ರಂಗಭೂಮಿಯವರು

ಡ್ರೈ ಐಸ್ ಮಾತಿಗೆ ನನ್ನ ವಿರೋಧ ಇದೆ. ಅದರಿಂದ ಬರೋದು ಕಾರ್ಬನ್ ಡೈಆಕ್ಸೈಡ್, ಗಾಳಿಗಿಂತ ಭಾರ, ನೆಲದಲ್ಲೇ ತಂಗುತ್ತೆ. ದೊಡ್ಡವರ ಮೂಗು ಐದಡಿ ಮೇಲೆ, ಮುದುರಿ ಮಲಗಿದ ಮಗುವಿನ ಮೂಗು ಸರಿಯಾಗಿ ಅದರೊಳಗೆ. ಈ ನಾಟಕಕ್ಕೆ ಅದು ಬೇಡವೇ ಬೇಡ.

ಹಿಮ, ಹೊಗೆ, ಸದ್ದು

ಒಪ್ಪಿದೆ, ಮಗು ನೆಲದ ಮೇಲೆ ಮಲಗುತ್ತೆ ಅನ್ನೋದು ಯೋಚಿಸಿರಲಿಲ್ಲ. ಸಣ್ಣ ಫಾಗ್ ಯಂತ್ರ ಸಾಕು, ಐದು ನಿಮಿಷ ಮುಂಚೆ ಬಿಸಿಗಿಟ್ಟು, ರೈಲಿನ ದೃಶ್ಯಕ್ಕೆ ಮಾತ್ರ 8-10 ಸೆಕೆಂಡ್ ಬಿಡಿ. ಎ.ಸಿ. ಇದ್ದರೆ ಹೊಗೆ ಪ್ರೇಕ್ಷಕರ ಕಡೆ ಓಡುತ್ತೆ, ಮೊದಲೇ ಪರೀಕ್ಷಿಸಿ. ರಂಗಮಂದಿರದ ಹೊಗೆ ಅಲಾರಂ ಬಗ್ಗೆ ವ್ಯವಸ್ಥಾಪಕರನ್ನು ಕೇಳಿಕೊಳ್ಳಿ. ಹುಡುಗಿಗೆ ಆಸ್ತಮಾ ಇದ್ದರೆ ಅದೂ ಬೇಡ, ಬೆಳಕಲ್ಲೇ ಮುಗಿಸಿ.

ಸ್ಫೋಟಕ್ಕೆ ಪಟಾಕಿ ಹಚ್ಚಬೇಡಿ. 3 ಅಡಿ ಅಗಲ, 6 ಅಡಿ ಉದ್ದದ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ತಗಡು ತೂಗುಬಿಟ್ಟು ಅಲುಗಿಸಿದರೆ ದೂರದ ಫಿರಂಗಿ ಬರುತ್ತೆ. ಮಗುವಿಗೆ ಮೊದಲು ತಗಡು ತೋರಿಸಿ, ಅವಳ ಕೈಯಲ್ಲೇ ಅಲುಗಿಸಿ, ಆಮೇಲೆ ತಾಲೀಮಿಗೆ ತನ್ನಿ.

ಕಾನೂನು ಬಲ್ಲವರು

ಟಿಕೆಟ್ ಇಡುತ್ತೀರಿ ಅಂದಿದ್ದಕ್ಕೆ ಹೇಳ್ತಿದ್ದೇನೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ, 2017ರ ನಿಯಮಗಳ ಪ್ರಕಾರ 14ರೊಳಗಿನ ಕಲಾವಿದರನ್ನು ವಾಣಿಜ್ಯ ಕಾರ್ಯಕ್ರಮಕ್ಕೆ ಬಳಸಲು ಜಿಲ್ಲಾ ಮ್ಯಾಜಿಸ್ಟ್ರೇಟ್ ಅನುಮತಿ ಬೇಕು. ದಿನಕ್ಕೆ 5 ಗಂಟೆ ಮೀರುವಂತಿಲ್ಲ, ವಿರಾಮವಿಲ್ಲದೆ ಸತತ 3 ಗಂಟೆ ಮೀರುವಂತಿಲ್ಲ. ಶಾಲೆ ತಪ್ಪಿಸಬಾರದು. ಐದು ಮಕ್ಕಳಿಗೆ ಕನಿಷ್ಠ ಒಬ್ಬ ಜವಾಬ್ದಾರಿ ವ್ಯಕ್ತಿ. ಸಂಭಾವನೆ ಕೊಟ್ಟರೆ ಕನಿಷ್ಠ ಶೇ. 20 ಮಗುವಿನ ಹೆಸರಲ್ಲಿ ಬ್ಯಾಂಕ್ ಠೇವಣಿಗೆ ಹೋಗಬೇಕು. ತಂದೆ-ತಾಯಿಯ ಒಪ್ಪಿಗೆ ಬರಹದಲ್ಲಿರಲಿ. ಇನ್ನೊಂದು: ರೆಡ್‌ಕ್ರಾಸ್ ಚಿಹ್ನೆಯ ಬಳಕೆಗೆ 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ ನಿರ್ಬಂಧ ಇದೆ. ಪೋಸ್ಟರ್, ಟಿಕೆಟ್, ಟೀಶರ್ಟ್ ಮೇಲೆ ಹಾಕಬೇಡಿ. ರಂಗದ ಮೇಲಿನ ತೋಳಪಟ್ಟಿಗೂ ರೆಡ್‌ಕ್ರಾಸ್ ಸಂಸ್ಥೆಯ ಸ್ಥಳೀಯ ಶಾಖೆಯನ್ನು ಒಮ್ಮೆ ಕೇಳಿಬಿಡಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ. ಒಂದೇ ಒಂದು ಉಳಿದಿದೆ: ಉಣ್ಣೆ ಕೋಟು ಹಾಕಿ ಬೆಳಕಿನ ಕೆಳಗೆ ನಟರು ಬೆವರಿ ಸುಸ್ತಾಗ್ತಿದ್ದಾರೆ. ಚಳಿ ಹೇಗೆ ತೋರಿಸೋದು?

ಪರಿಕರ ಮತ್ತು ವೇಷಭೂಷಣದವರು

ಒಳಗಿನ ಅಂಗಿ ಪೂರ್ತಿ ಬೇಡ. ಕಾಲರ್ ಮತ್ತು ಎದೆಯ ಮುಂಭಾಗದ ತುಂಡನ್ನಷ್ಟೇ ಕೋಟಿಗೆ ಹೊಲಿಯಿರಿ, ತೆಳು ಹತ್ತಿ ಬನಿಯನ್ ಮೇಲೆ ನೇರ ಕೋಟು. ಕೋಟಿನ ಬೆನ್ನಿನ ಒಳಪದರ ಬಿಚ್ಚಿಬಿಡಿ. ಹಲ್ಲು ಕಟಕಟ ಅನ್ನಿಸೋದು ಹಾಸ್ಯದಂತೆ ಕಾಣುತ್ತೆ. ಅದರ ಬದಲು ಬೆರಳು ಕೆಲಸ ಮಾಡದೇ ಇರಲಿ: ಗಂಟು ಬಿಚ್ಚೋಕೆ ಎರಡು ಸಲ ಸೋತು, ಮೂರನೇ ಸಲ ಹಲ್ಲಿನಿಂದ ಎಳೀಲಿ. ಬಣ್ಣದ ಬೆಳಕು ತಣ್ಣನೆ ನೀಲಿ ಇಟ್ಟು, ಲಾಟೀನು ಮಾತ್ರ ಹಳದಿ ಇರಲಿ. ಹುಡುಗಿ ಆ ಲಾಟೀನಿನ ಕಡೆಗೇ ಜರುಗುತ್ತಿದ್ದರೆ ಸಾಕು. ಎಲ್‌ಇಡಿ ಲಾಟೀನೇ ಕೊಡಿ, ಸೀಮೆಎಣ್ಣೆಯದ್ದು ಬೇಡ. ಬ್ಯಾಟರಿ ಪ್ರತಿ ಪ್ರದರ್ಶನಕ್ಕೂ ಹೊಸದು.