ಕಾಲೇಜಿನ ತಾರೆ ವೃತ್ತಿಪರ ತಂಡದಲ್ಲಿ ರೋಲ್ ಪ್ಲೇಯರ್ (ಒಂದು ನಿರ್ದಿಷ್ಟ ಕೆಲಸಕ್ಕಷ್ಟೇ ಇಳಿಯುವ ಪೋಷಕ ಆಟಗಾರ) ಆದರೆ ಅದು ಇಳಿತವೇ? ಶೇನ್ ಬ್ಯಾಟಿಯೆ ಅವರ ಬಗ್ಗೆ ಒಂದು ಪ್ರಶ್ನೆ

ಬಾಳೆಲೆಯ ಬೆಳೆಗಾರ:

ಎಲ್ಲರಿಗೂ ನಮಸ್ಕಾರ. ಹಾಕಿಯ ಮಾತಿಲ್ಲದೆ ಊಟ ಮುಗಿಯದ ನಮ್ಮ ಮನೆಯಲ್ಲಿ ನನ್ನ ಮಗಳೊಬ್ಬಳು ಬ್ಯಾಸ್ಕೆಟ್‌ಬಾಲ್ ಹಿಡಿದಳು. ಕಾಲೇಜಿನಲ್ಲಿದ್ದ ಮೂರು ವರ್ಷವೂ ತಂಡದ ಅಂಕಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅವಳ ಕೈಯಿಂದಲೇ ಬರುತ್ತಿದ್ದವು. ಕಳೆದ ವರ್ಷ ಕ್ರೀಡಾ ಕೋಟಾದಲ್ಲಿ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ, ಅಲ್ಲಿನ ಇಲಾಖಾ ತಂಡವನ್ನು ಸೇರಿದ್ದಾಳೆ. ಅಲ್ಲಿ ಅವಳು ಮೊದಲ ಐವರಲ್ಲಿ ಇಲ್ಲ. ಬೆಂಚಿನಿಂದ ಎದ್ದು ಬಂದು ಎದುರಾಳಿಗಳ ಮುಖ್ಯ ಆಟಗಾರ್ತಿಯನ್ನು ತಡೆಯುವುದು, ಚೆಂಡು ಸಿಕ್ಕರೆ ಬೇರೆಯವರಿಗೆ ದಾಟಿಸುವುದು, ಅಷ್ಟೇ ಅವಳಿಗೆ ಒಪ್ಪಿಸಿರುವ ಕೆಲಸ. ಕಳೆದ ತಿಂಗಳು ನಾನು ಬಸ್ಸು ಹತ್ತಿ ಹೋಗಿ ನೋಡಿದ ಪಂದ್ಯದಲ್ಲಿ ಅವಳು ಗಳಿಸಿದ್ದು 2 ಅಂಕ. ಹಿಂತಿರುಗುವ ದಾರಿಯುದ್ದಕ್ಕೂ ಮನಸ್ಸಿಗೆ ಸಮಾಧಾನವಿರಲಿಲ್ಲ.

ಅವಳ ತರಬೇತುದಾರರು ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡು, ಅಮೆರಿಕದ ಶೇನ್ ಬ್ಯಾಟಿಯೆ ಎಂಬ ಆಟಗಾರರ ಬಗ್ಗೆ ತಿಳಿದುಕೊಳ್ಳಿ ಎಂದರು. ಡ್ಯೂಕ್ ವಿಶ್ವವಿದ್ಯಾಲಯದಲ್ಲಿದ್ದಾಗ ಇಡೀ ದೇಶದ ಅತ್ಯುತ್ತಮ ಕಾಲೇಜು ಆಟಗಾರ ಎನಿಸಿಕೊಂಡಿದ್ದ ಅವರು ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಗೆ ಹೋದ ಮೇಲೆ ಒಂದು ಪಂದ್ಯಕ್ಕೆ ಸರಾಸರಿ 8.6 ಅಂಕ ಗಳಿಸಿ ನಿವೃತ್ತರಾದರೆಂದು ಓದಿದೆ. ಅಷ್ಟೆತ್ತರದಲ್ಲಿದ್ದವರು ಇಷ್ಟಕ್ಕೆ ಬಂದು ನಿಂತದ್ದನ್ನು ಆದರ್ಶವೆಂದು ಏಕೆ ತೋರಿಸುತ್ತಾರೆ? ಆಟ ಬಲ್ಲವರು ವಿವರಿಸಿದರೆ ಉಪಕಾರವಾಗುತ್ತದೆ.

ನಿವೃತ್ತ ದೈಹಿಕ ಶಿಕ್ಷಕ, ಮಡಿಕೇರಿ:

ಬೆಳೆಗಾರರೇ, ನಿಮ್ಮ ಪ್ರಶ್ನೆಯ ಹಿಂದಿರುವ ನೋವು ನನಗೆ ಗೊತ್ತು. ಆದರೆ 8.6 ಎಂಬ ಅಂಕಿಯಿಂದ ಬ್ಯಾಟಿಯೆ ಅವರನ್ನು ಅಳೆಯಲು ಹೊರಟರೆ ಆ ಮನುಷ್ಯ ಕೈಗೆ ಸಿಗುವುದೇ ಇಲ್ಲ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಅವರು ಡ್ಯೂಕ್‌ಗೆ ಆಡಿದ್ದು 1997ರಿಂದ 2001ರವರೆಗೆ, ಮೈಕ್ ಶಶೆಫ್‌ಸ್ಕಿ ಅವರ ತರಬೇತಿಯಲ್ಲಿ. ನಾಲ್ಕು ವರ್ಷಗಳಲ್ಲಿ ಅವರಿದ್ದ ತಂಡ 131 ಪಂದ್ಯ ಗೆದ್ದು 15ರಲ್ಲಿ ಮಾತ್ರ ಸೋತಿತು. 1999ರಲ್ಲಿ ರಾಷ್ಟ್ರೀಯ ಕಾಲೇಜು ಚಾಂಪಿಯನ್‌ಷಿಪ್ಪಿನ ಫೈನಲ್‌ವರೆಗೆ ಬಂದು ಕನೆಕ್ಟಿಕಟ್ ಎದುರು ಮೂರು ಅಂಕಗಳಿಂದ ಸೋತವರು, 2001ರ ಸೆಮಿಫೈನಲ್‌ನಲ್ಲಿ ಮೇರಿಲ್ಯಾಂಡ್ ಎದುರು 22 ಅಂಕ ಹಿಂದಿದ್ದಾಗಲೂ ಚೇತರಿಸಿಕೊಂಡು ಗೆದ್ದು, ಫೈನಲ್‌ನಲ್ಲಿ ಅರಿಜೋನಾವನ್ನು 82–72ರಿಂದ ಮಣಿಸಿದರು. ಆ ವರ್ಷ ಪಂದ್ಯಕ್ಕೆ ಸುಮಾರು 20 ಅಂಕ ಗಳಿಸುತ್ತಿದ್ದ ಬ್ಯಾಟಿಯೆ ಅವರಿಗೆ ದೇಶದ ಅತ್ಯುತ್ತಮ ಆಟಗಾರನಿಗೆ ಕೊಡುವ ನೈಸ್ಮಿತ್ ಮತ್ತು ವುಡನ್ ಪ್ರಶಸ್ತಿಗಳೆರಡೂ ಬಂದವು. ಇಲ್ಲಿ ನೀವು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಕಾಲೇಜು ತರಬೇತುದಾರರ ಸಂಘ ಕೊಡುವ ಅತ್ಯುತ್ತಮ ರಕ್ಷಣಾ ಆಟಗಾರ ಪ್ರಶಸ್ತಿಯನ್ನು ಅವರು ಅದಾಗಲೇ ಮೂರು ಸಲ, 1999, 2000 ಮತ್ತು 2001ರಲ್ಲಿ ಗೆದ್ದಿದ್ದರು. ಎಂದರೆ ಮುಂದೆ ಅವರಿಗೆ ಅನ್ನ ಕೊಟ್ಟ ವಿದ್ಯೆ ಕಾಲೇಜಿನಲ್ಲೇ ಕೈವಶವಾಗಿತ್ತು, ಅಂಕಗಳ ಹೊಳಪಿನಲ್ಲಿ ನೋಡುವವರ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೆ.

2001ರ ಡ್ರಾಫ್ಟಿನಲ್ಲಿ, ಎಂದರೆ ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಆರನೆಯವರಾಗಿ ಗ್ರಿಜ್ಲೀಸ್ ತಂಡಕ್ಕೆ ಆಯ್ಕೆಯಾದರು. ಮೊದಲ ವರ್ಷ ಪಂದ್ಯಕ್ಕೆ 14.4 ಅಂಕ ಬಂದಿತು. ಮುಂದೆ ಅದು ಇಳಿಯಿತು. ಎನ್‌ಬಿಎಯಲ್ಲಿ ಅವರಿಗಿಂತ ವೇಗವಾಗಿ ಓಡುವವರು, ಎತ್ತರಕ್ಕೆ ಜಿಗಿಯುವವರು, ಚೆಂಡನ್ನು ಸಲೀಸಾಗಿ ಆಡಿಸುವವರು ಪ್ರತಿ ತಂಡದಲ್ಲೂ ಇದ್ದರು. ಆ ಗ್ರಿಜ್ಲೀಸ್ ತಂಡ 2004, 2005 ಮತ್ತು 2006ರಲ್ಲಿ ಪ್ಲೇಆಫ್ (ಪ್ರಶಸ್ತಿಗಾಗಿ ನಡೆಯುವ ಕೊನೆಯ ಹಂತದ ಸರಣಿಗಳು) ತಲುಪಿ ಒಂದೂ ಪಂದ್ಯ ಗೆಲ್ಲದೆ ಮನೆಗೆ ಹೋಯಿತು. 2006ರಲ್ಲಿ ಅವರನ್ನು ಹ್ಯೂಸ್ಟನ್ ರಾಕೆಟ್ಸ್‌ಗೆ ಕೊಟ್ಟು, ಆ ವರ್ಷವಷ್ಟೇ ಆಯ್ಕೆಯಾಗಿದ್ದ ರೂಡಿ ಗೇ ಅವರನ್ನು ಪಡೆದುಕೊಂಡರು.

ನಿಜವಾದ ಕಥೆ ಹ್ಯೂಸ್ಟನ್‌ನಲ್ಲಿದೆ. ಆ ತಂಡದ ಆಡಳಿತದಲ್ಲಿದ್ದ ಡ್ಯಾರಿಲ್ ಮೋರಿ ಅಂಕಿಅಂಶಗಳನ್ನು ಹೊಸ ರೀತಿಯಲ್ಲಿ ನೋಡುವವರು. ಒಬ್ಬ ಆಟಗಾರ ಎಷ್ಟು ಅಂಕ ಗಳಿಸಿದ ಎಂಬುದಷ್ಟೇ ಅವರಿಗೆ ಸಾಲದು. ಅವನು ಅಂಗಳದಲ್ಲಿರುವಾಗ ಎರಡೂ ತಂಡಗಳ ಅಂಕಗಳ ಅಂತರ ಹೇಗೆ ಬದಲಾಗುತ್ತದೆ, ಅವನು ಬೆಂಚಿಗೆ ಹೋದಾಗ ಹೇಗೆ ಬದಲಾಗುತ್ತದೆ ಎಂದು ಅವರು ಕೇಳುತ್ತಿದ್ದರು. ಹಾಗೆ ಕೇಳಿದಾಗ, ಬ್ಯಾಟಿಯೆ ಅಂಗಳದಲ್ಲಿದ್ದರೆ ತನ್ನ ತಂಡ ಉತ್ತಮವಾಗುತ್ತದೆ, ಎದುರಾಳಿ ತಂಡ ಮಂಕಾಗುತ್ತದೆ ಎಂಬುದು ಮತ್ತೆ ಮತ್ತೆ ಕಂಡುಬಂದಿತು. 2008ರಲ್ಲಿ ರಾಕೆಟ್ಸ್ ಸತತ 22 ಪಂದ್ಯ ಗೆದ್ದಿತು. ಅವರ ದೈತ್ಯ ತಾರೆ ಯಾವ್ ಮಿಂಗ್ ಆ ಸರಣಿಯ ನಡುವೆಯೇ ಗಾಯಗೊಂಡು ಹೊರಗೆ ಕುಳಿತರೂ ಗೆಲುವು ನಿಲ್ಲಲಿಲ್ಲ. 2008 ಮತ್ತು 2009ರಲ್ಲಿ ಬ್ಯಾಟಿಯೆ ಅವರಿಗೆ ಎನ್‌ಬಿಎ ಪ್ರತಿ ವರ್ಷ ಆರಿಸುವ ಅತ್ಯುತ್ತಮ ರಕ್ಷಣಾ ಆಟಗಾರರ ಎರಡನೇ ತಂಡದಲ್ಲಿ ಸ್ಥಾನ ಸಿಕ್ಕಿತು.

ಲಾಸ್ ಏಂಜಲೀಸ್ ತಂಡದ ತಾರೆ ಕೋಬಿ ಬ್ರಯಾಂಟ್ ಅವರನ್ನು ಎದುರಿಸುವ ಮೊದಲು ಬ್ಯಾಟಿಯೆ ಅಂಕಿಅಂಶಗಳ ಕಡತವನ್ನು ಪರೀಕ್ಷೆಗೆ ಓದುವ ವಿದ್ಯಾರ್ಥಿಯಂತೆ ಓದುತ್ತಿದ್ದರು. ಕೋಬಿ ಎಲ್ಲಿಂದ ಎಸೆದರೆ ಹೆಚ್ಚು ತಪ್ಪುತ್ತಾರೆ, ಯಾವ ಕಡೆ ಡ್ರಿಬಲ್ ಮಾಡಿದರೆ ಅವರ ಹರಿತ ಕಡಿಮೆಯಾಗುತ್ತದೆ ಎಂಬುದು ಅದರಲ್ಲಿರುತ್ತಿತ್ತು. ಚೆಂಡನ್ನು ಕಸಿಯಲು, ಎಸೆತವನ್ನು ತಟ್ಟಿ ಬೀಳಿಸಲು ಹೋಗದೆ, ಅವರನ್ನು ಎಡಕ್ಕೆ ತಿರುಗಿಸಿ, ದೂರದ ಕಷ್ಟದ ಎಸೆತಕ್ಕೆ ತಳ್ಳಿ, ಎಸೆಯುವ ಕ್ಷಣದಲ್ಲಿ ಕಣ್ಣಿನ ಮುಂದೆ ಕೈ ಹಿಡಿಯುವುದಷ್ಟೇ ಬ್ಯಾಟಿಯೆ ಅವರ ಉಪಾಯ. ಅಂಕಪಟ್ಟಿಯ ಯಾವ ಕಾಲಮ್ಮಿನಲ್ಲೂ ಇದನ್ನು ಬರೆಯಲು ಜಾಗವಿಲ್ಲ.

ಇನ್ನೊಂದನ್ನು ಹೇಳದೆ ಇರಲಾರೆ. ಸ್ಯಾನ್ ಆಂಟೋನಿಯೋ ತಂಡದ ಅಪಾಯಕಾರಿ ಆಟಗಾರ ಮನು ಜಿನೋಬಿಲಿ ಬೆಂಚಿನಿಂದ ಬರುತ್ತಿದ್ದ ದಿನಗಳಲ್ಲಿ, ಬ್ಯಾಟಿಯೆ ತಾವಾಗಿಯೇ ತರಬೇತುದಾರರ ಬಳಿ ಹೋಗಿ, ನನ್ನನ್ನು ಮೊದಲ ಐವರಿಂದ ಕೈಬಿಡಿ, ಜಿನೋಬಿಲಿ ಅಂಗಳಕ್ಕೆ ಇಳಿದಾಗ ನನ್ನನ್ನೂ ಇಳಿಸಿ ಎಂದು ಕೇಳಿಕೊಂಡಿದ್ದರು. ಮೂವತ್ತು ವರ್ಷ ಮಕ್ಕಳಿಗೆ ಆಟ ಕಲಿಸಿದ ನಾನು, ತನ್ನನ್ನು ಬೆಂಚಿನಲ್ಲಿ ಕೂರಿಸಿ ಎಂದು ಕೇಳಿದ ಒಬ್ಬ ಹುಡುಗನನ್ನೂ ನೋಡಿಲ್ಲ.

ಗಣಿತ ಮೇಷ್ಟ್ರು, ಸೋಮವಾರಪೇಟೆ:

ಮಡಿಕೇರಿಯ ಸರ್ ಹೇಳಿದ "ದೂರದ ಕಷ್ಟದ ಎಸೆತ" ಎಂಬುದರ ಬೆಲೆ ಎಷ್ಟೆಂದು ಸಣ್ಣ ಲೆಕ್ಕವೊಂದರಿಂದ ತೋರಿಸುತ್ತೇನೆ. ಅಂಕಿಗಳು ಉದಾಹರಣೆಗಾಗಿ ಮಾತ್ರ. ಒಬ್ಬ ಆಟಗಾರ್ತಿ ಬುಟ್ಟಿಯ ಹತ್ತಿರದಿಂದ 10 ಎಸೆತಗಳಲ್ಲಿ 6ನ್ನು ಹಾಕುತ್ತಾಳೆ ಎಂದುಕೊಳ್ಳಿ. ಅಲ್ಲಿಗೆ 12 ಅಂಕ. ಅವಳನ್ನೇ ಹೊರಕ್ಕೆ ತಳ್ಳಿ, ಮೂರು ಅಂಕದ ಗೆರೆಯಿಂದ ಸ್ವಲ್ಪ ಒಳಗೆ, ಮುಖದ ಮುಂದೆ ಕೈಯಿರುವಾಗ ಎಸೆಯುವಂತೆ ಮಾಡಿದರೆ 10ರಲ್ಲಿ 4 ಬೀಳಬಹುದು. ಅಲ್ಲಿಗೆ 8 ಅಂಕ. ತಡೆದವಳು ಚೆಂಡನ್ನು ಮುಟ್ಟಲೂ ಇಲ್ಲ, ಆದರೂ ಅವಳಿಂದ ತಂಡಕ್ಕೆ 4 ಅಂಕ ಉಳಿಯಿತು. ನಿಮ್ಮ ಮಗಳ ಹೆಸರಿನ ಮುಂದಿದ್ದ 2ರ ಜೊತೆಗೆ ಇದನ್ನು ಕೂಡಿಸುವವರು ಯಾರೂ ಇರಲಿಲ್ಲ.

ಹಳೆಯ ಹಾಫ್‌ಬ್ಯಾಕ್, ಪೊನ್ನಂಪೇಟೆ:

ನಾನು ಬ್ಯಾಸ್ಕೆಟ್‌ಬಾಲ್ ಆಡಿದವನಲ್ಲ. ಆದರೆ ಈ ಪ್ರಶ್ನೆ ನಮ್ಮ ಮೈದಾನದ್ದೂ ಹೌದು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ನಾನೂ ಹಲವು ವರ್ಷ ನಮ್ಮ ಒಕ್ಕದ ತಂಡಕ್ಕೆ ಆಡಿದ್ದೇನೆ. ಗೋಲು ಹೊಡೆದವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ, ಹಾಗೆ ಕೂಗಬೇಕಾದದ್ದೇ. ಆದರೆ ಪೆನಾಲ್ಟಿ ಕಾರ್ನರ್ ಎದುರಿಸುವಾಗ ಗೋಲಿನ ಗೆರೆಯಿಂದ ಮೊದಲು ಓಡುವವನನ್ನು ನೆನಪಿಸಿಕೊಳ್ಳಿ. ಡ್ರ್ಯಾಗ್ ಫ್ಲಿಕ್ (ಚೆಂಡನ್ನು ಕೋಲಿನಿಂದ ಎಳೆದು ಚಿಮ್ಮಿಸುವ ಹೊಡೆತ) ಮಾಡುವವನ ಕಡೆಗೆ ನೇರವಾಗಿ ಓಡಿ, ಗಂಟೆಗೆ 100 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಬರಬಹುದಾದ ಚೆಂಡಿಗೆ ತನ್ನ ಮೈಯನ್ನೇ ಅಡ್ಡ ಹಿಡಿಯುವವನು ಅವನು. ಅವನು ಒಂದು ಬದಿಯನ್ನು ಮುಚ್ಚಿದನೆಂದರೆ ಹೊಡೆಯುವವನು ಇನ್ನೊಂದು ಬದಿಗೇ ಹೊಡೆಯಬೇಕು, ಆ ಬದಿಯನ್ನು ಗೋಲ್‌ಕೀಪರ್ ಮೊದಲೇ ಕಾದುಕೊಂಡಿರುತ್ತಾನೆ. ಚೆಂಡು ತಡೆದ ಹೊಗಳಿಕೆ ಗೋಲ್‌ಕೀಪರಿಗೆ ಹೋಗುತ್ತದೆ. ಕೋಬಿ ಅವರನ್ನು ಎಡಕ್ಕೆ ತಿರುಗಿಸಿದರೆಂದು ಓದಿದಾಗ ನನಗೆ ತಕ್ಷಣ ಹೊಳೆದದ್ದು ಈ ಓಟಗಾರ.

ನಮ್ಮ ಕುಟುಂಬ ತಂಡದಲ್ಲಿ ಆ ಕೆಲಸಕ್ಕೆ ನಿಂತದ್ದು ಅದುವರೆಗೆ ಕಾಲೇಜು ತಂಡದ ಸೆಂಟರ್ ಫಾರ್ವರ್ಡ್ ಆಗಿದ್ದ ನನ್ನ ಚಿಕ್ಕಪ್ಪನ ಮಗ. ಮೊಣಕಾಲಿಗೆ ಎರಡು ಸಲ ಪೆಟ್ಟು ತಿಂದ. ಅವನ ಸಾಹಸವನ್ನು ಮನೆಯ ಹಿರಿಯರು ಕೂಡ ಗುರುತಿಸಲಿಲ್ಲ ಎಂಬ ವ್ಯಥೆ ನನಗೆ ಇಂದಿಗೂ ಇದೆ.

ಹಿಂದಿನ ಆಟಗಾರ್ತಿ, ಕುಶಾಲನಗರ:

ಮೇಲೆ ಬರೆದಿರುವ ಎಲ್ಲವನ್ನೂ ಒಪ್ಪುತ್ತೇನೆ. ಆದರೂ ಒಂದು ಎಚ್ಚರಿಕೆಯ ಮಾತು ಸೇರಿಸಬೇಕೆನಿಸುತ್ತದೆ, ಏಕೆಂದರೆ ನಾನು ಆ ಬೆಂಚಿನಲ್ಲಿ ಕುಳಿತವಳು. ಬೆಂಚಿನಲ್ಲಿ ಕುಳಿತವರೆಲ್ಲ ಬ್ಯಾಟಿಯೆ ಆಗುವುದಿಲ್ಲ. ನನಗೆ ನನ್ನ ಕೆಲಸ ಏನೆಂದು ಯಾರೂ ಹೇಳಿರಲಿಲ್ಲ. ಇಂಥವಳನ್ನು ತಡೆ, ಇಂಥ ಜಾಗದಲ್ಲಿ ನಿಲ್ಲು ಎನ್ನುವುದು ಒಂದು ಹೊಣೆ. ಸುಮ್ಮನೆ ಕೂರಿಸಿ ಕೊನೆಯ ಎರಡು ನಿಮಿಷಕ್ಕೆ ಕಳುಹಿಸುವುದು ಕಡೆಗಣನೆ. ಎರಡೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ.

ಕಾಲೇಜಿನ ತಾರೆಯರೆಲ್ಲರಿಗೂ ಹೊಸ ಕೆಲಸ ಒಗ್ಗುವುದಿಲ್ಲ ಎಂಬುದಕ್ಕೆ ಜಿಮ್ಮರ್ ಫ್ರೆಡೆಟ್ ಸಾಕ್ಷಿ. 2010–11ರಲ್ಲಿ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯಕ್ಕೆ ಪಂದ್ಯಕ್ಕೆ 28.9 ಅಂಕ ಗಳಿಸಿ ವರ್ಷದ ಆಟಗಾರರಾದ ಅವರಿಗೆ ಎನ್‌ಬಿಎಯಲ್ಲಿ ನೆಲೆ ಸಿಗಲಿಲ್ಲ. ಚೆಂಡು ತಮ್ಮ ಕೈಯಲ್ಲಿದ್ದಾಗಲೇ ಅವರ ಆಟ ಅರಳುತ್ತಿತ್ತು. ಚೀನಾದ ಶಾಂಘೈ ತಂಡ ಅವರ ಕೈಗೆ ಚೆಂಡು ಕೊಟ್ಟಿತು, ಅಲ್ಲಿ ಒಂದೇ ಪಂದ್ಯದಲ್ಲಿ 70ಕ್ಕೂ ಹೆಚ್ಚು ಅಂಕ ಹೊಡೆದರು. ಅದನ್ನೂ ನಾನು ಸೋಲೆನ್ನುವುದಿಲ್ಲ. ಡ್ಯೂಕ್‌ನವರೇ ಆದ ಜೆ. ಜೆ. ರೆಡಿಕ್ ಬೇರೆ ದಾರಿ ಹಿಡಿದರು: 2006ರಲ್ಲಿ ಒರ್ಲ್ಯಾಂಡೊ ಸೇರಿ ಮೊದಲ ಎರಡು ವರ್ಷ ಹೆಚ್ಚಾಗಿ ಬೆಂಚಿನಲ್ಲೇ ಕಳೆದು, ಚೆಂಡಿಲ್ಲದೆ ಓಡುವುದನ್ನೂ ರಕ್ಷಣೆಯನ್ನೂ ಕಲಿತು, 15 ವರ್ಷ ಆಡಿದರು.

ಹಾಗಾಗಿ ಬೆಳೆಗಾರರೇ, ಮಗಳ ತರಬೇತುದಾರರು ಬ್ಯಾಟಿಯೆ ಅವರ ಹೆಸರನ್ನೇ ಹೇಳಿದ್ದಾರೆಂದರೆ ಅವರ ಮನಸ್ಸಿನಲ್ಲಿ ಅವಳಿಗೊಂದು ಸ್ಪಷ್ಟವಾದ ಕೆಲಸವಿದೆ ಎಂದು ನನಗನ್ನಿಸುತ್ತದೆ. ಖಚಿತಪಡಿಸಿಕೊಳ್ಳಲು ಅವಳನ್ನೇ ಕೇಳಿ. ಎಷ್ಟು ಅಂಕ ಬಂತು ಎಂದು ಕೇಳಬೇಡಿ. ಯಾರನ್ನು ತಡೆದೆ, ಯಾವ ಕಡೆಗೆ ತಿರುಗಿಸಿದೆ ಎಂದು ಕೇಳಿ. ನನ್ನ ಅಪ್ಪ ಒಂದು ಸಲವಾದರೂ ಹಾಗೆ ಕೇಳಿದ್ದರೆ ನಾನು ಇನ್ನೂ ಎರಡು ವರ್ಷ ಆಡುತ್ತಿದ್ದೆ.

ನಿವೃತ್ತ ದೈಹಿಕ ಶಿಕ್ಷಕ, ಮಡಿಕೇರಿ:

ಕುಶಾಲನಗರದ ತಂಗಿಯ ಮಾತು ಸತ್ಯ. ಬ್ಯಾಟಿಯೆ ಅವರ ಕೊನೆಯ ವರ್ಷಗಳನ್ನು ಬರೆಯದೆ ಬಿಟ್ಟಿದ್ದೆ, ಅದನ್ನೂ ಸೇರಿಸುತ್ತೇನೆ. 2011ರಲ್ಲಿ ಗ್ರಿಜ್ಲೀಸ್ ಅವರನ್ನು ಮರಳಿ ಕರೆಸಿಕೊಂಡಿತು. ಹಿಂದೆ ಪ್ಲೇಆಫ್‌ನಲ್ಲಿ ಒಂದೂ ಗೆಲುವು ಕಾಣದಿದ್ದ ಆ ತಂಡ ಸ್ಯಾನ್ ಆಂಟೋನಿಯೋ ವಿರುದ್ಧ 101–98ರಿಂದ ಮೊದಲ ಬಾರಿ ಗೆದ್ದಾಗ, ಕೊನೆಯ ಅರ್ಧ ನಿಮಿಷದೊಳಗೆ ತಂಡವನ್ನು ಮುಂದೆ ತಂದ ಮೂರು ಅಂಕದ ಎಸೆತ ಬ್ಯಾಟಿಯೆ ಅವರದ್ದಾಗಿತ್ತು. ಅನಂತರ ಮಯಾಮಿ ಸೇರಿ 2012 ಮತ್ತು 2013ರಲ್ಲಿ ಚಾಂಪಿಯನ್ ಆದರು.

2013ರ ಫೈನಲ್ ಸರಣಿಯ ಏಳನೇ ಪಂದ್ಯ ನಮ್ಮ ಕಾಲಮಾನದಲ್ಲಿ ಜೂನ್ 21ರ ಬೆಳಿಗ್ಗೆ ಆರೂವರೆಗೆ ಶುರುವಾಯಿತು. ಹೊರಗೆ ಮಳೆ ಹುಯ್ಯುತ್ತಿತ್ತು, ಕರೆಂಟು ಯಾವಾಗ ಹೋಗುತ್ತದೋ ಎಂದು ಜೀವ ಕೈಯಲ್ಲಿ ಹಿಡಿದು ನೋಡಿದೆ. ಆ ಪ್ಲೇಆಫ್‌ಗಳಲ್ಲಿ ಬ್ಯಾಟಿಯೆ ಅವರ ಎಸೆತ ಕೈಕೊಟ್ಟು, ಆಡುವ ಅವಧಿಯೂ ಕುಗ್ಗಿತ್ತು. ಆ ದಿನ ಮೂರು ಅಂಕದ 8 ಎಸೆತಗಳಲ್ಲಿ 6 ಹಾಕಿ 18 ಅಂಕ ಗಳಿಸಿದರು. ಮಯಾಮಿ 95–88ರಿಂದ ಗೆದ್ದಿತು. ಮಯಾಮಿಯ ತಾರೆ ಲೆಬ್ರಾನ್ ಜೇಮ್ಸ್ ಅವರ 37 ಅಂಕಗಳನ್ನು ಜಗತ್ತು ನೆನಪಿಟ್ಟಿದೆ, ನಾನು ಈ ಆರು ಎಸೆತಗಳನ್ನು ಮರೆತಿಲ್ಲ.

ಬಾಳೆಲೆಯ ಬೆಳೆಗಾರ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಭಾನುವಾರ ಮಗಳಿಗೆ ಫೋನ್ ಮಾಡಿದಾಗ ಕುಶಾಲನಗರದ ತಂಗಿ ಹೇಳಿಕೊಟ್ಟಂತೆಯೇ ಕೇಳಿದೆ. ಒಂದು ಕ್ಷಣ ಆ ಕಡೆಯಿಂದ ಮಾತಿಲ್ಲ. ಆಮೇಲೆ ಮುಕ್ಕಾಲು ಗಂಟೆ ಮಾತನಾಡಿದಳು. ನಾನು ನೋಡಿದ ಆ ಪಂದ್ಯದಲ್ಲಿ ಅವಳು ತಡೆಯುತ್ತಿದ್ದದ್ದು ಎಡಗೈಯಲ್ಲಿ ಆಡುವ ಫಾರ್ವರ್ಡ್ ಒಬ್ಬಳನ್ನಂತೆ. ಎಡಗಡೆಯ ದಾರಿಯನ್ನು ಮುಚ್ಚಿ ಬಲಕ್ಕೆ ಬಿಟ್ಟುಕೊಟ್ಟಿದ್ದರಿಂದ, ಕೊನೆಯ ಹತ್ತು ನಿಮಿಷ ಆ ಹುಡುಗಿ ಒಮ್ಮೆಯೂ ಬುಟ್ಟಿಯ ಹತ್ತಿರ ಬರಲಿಲ್ಲವಂತೆ. ಇದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದಾಳೆ. ಮೊದಲೇ ಏಕೆ ಹೇಳಲಿಲ್ಲ ಎಂದರೆ, "ಅಪ್ಪ, ನೀವು ಅಂಕ ಮಾತ್ರ ಕೇಳುತ್ತಿದ್ದಿರಲ್ಲ" ಎಂದಳು.

ಕಾಫಿ ಕೊಯ್ಲು ಮುಗಿದ ಮೇಲೆ ಮತ್ತೊಮ್ಮೆ ಬೆಂಗಳೂರಿಗೆ ಹೋಗುವವನಿದ್ದೇನೆ. ಮಡಿಕೇರಿಯ ಸರ್, ತಡೆಯುವವರ ಆಟವನ್ನು ಸರಿಯಾಗಿ ನೋಡಬೇಕಾದರೆ ಎಲ್ಲಿ ಕುಳಿತುಕೊಳ್ಳಬೇಕು?

ನಿವೃತ್ತ ದೈಹಿಕ ಶಿಕ್ಷಕ, ಮಡಿಕೇರಿ:

ಅಂಗಳದ ಉದ್ದದ ಬದಿಯಲ್ಲಿ ಬೇಡ, ಬುಟ್ಟಿಯ ಹಿಂದೆ, ಸಾಧ್ಯವಾದರೆ ಎರಡು ಮೂರು ಮೆಟ್ಟಿಲು ಮೇಲೆ ಕುಳಿತುಕೊಳ್ಳಿ. ಮೊದಲ ಐದು ನಿಮಿಷ ಚೆಂಡಿನ ಕಡೆಗೆ ಕಣ್ಣು ಹಾಯಿಸದೆ ಮಗಳ ಪಾದಗಳನ್ನೇ ನೋಡುತ್ತಿರಿ.